ರದ್ದಿಗೆ ಹೋಗುವ ಮುನ್ನ: ತಾಲೂಕು ಪತ್ರಿಕೆಗಳನ್ನು ಉಳಿಸುವ ಕ್ರಮ

ಭೀಮಾ ಮತ್ತು ಕೃಷ್ಣೆಗಳ ನಡುವಣ ಕರಿನೆಲದಲ್ಲಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೆಂಬ ನಾಲ್ಕು ತಾಲೂಕುಗಳ ಕಳೆದ ನೂರು ವರ್ಷಗಳ ಜನಜೀವನವನ್ನು ಬರೆಯಲು ಉದ್ಯುಕ್ತನಾದವನು ಮೊದಲು ಕೈಗೆತ್ತಿಕೊಳ್ಳುವುದು ಸರಕಾರಿ ಗ್ರಂಥಗಳನ್ನೇ: 1884ರಲ್ಲಿ ಮುಂಬಯಿ ಇಲಾಖೆಯ ಮಾಲೆಯಲ್ಲಿ ಪ್ರಕಟವಾದ ಬಿಜಾಪುರದ ಗ್ಯಾಝೆಟಿಯರ್, ಏಕೀಕರಣಾನಂತರ 1966ರಲ್ಲಿ ಹೊರಬಂದ ಜಿಲ್ಲಾ ಗ್ಯಾಝೆಟಿಯರ್, ಜನಗಣತಿಯ ಕೋಷ್ಟಕಗಳು. ಇವುಗಳಿಂದ ಮಳೆಯ ಸರಾಸರಿ, ಬಿತ್ತನೆಯ ಕ್ಷೇತ್ರ, ಶಾಲೆಗಳ ಸಂಖ್ಯೆ ಮೊದಲಾದವು ತಿಳಿಯುತ್ತವೆ. ಆದರೆ 1972ರ ಬರಗಾಲದಲ್ಲಿ ಯಾವ ಊರಿನ ಕೆರೆಯ ಕಾಮಗಾರಿಗೆ ಜನ ಮುಗಿಬಿದ್ದರು, ಯಾವ ಓಣಿಯವರು ಮಕ್ಕಳುಮರಿಗಳೊಂದಿಗೆ ಗುಳೆ ಹೊರಟರು, ನಾಟಕ ಕಂಪನಿಯೊಂದು ಯಾವ ಜಾತ್ರೆಯಲ್ಲಿ ಎಷ್ಟು ದಿನ ಡೇರೆ ಹಾಕಿತು, ಹೆಣ್ಣುಮಕ್ಕಳ ಶಾಲೆಗೆ ಜಾಗ ಬಿಟ್ಟುಕೊಟ್ಟ ಗೃಹಸ್ಥರಾರು, ಆ ವಾರ ಪೇಟೆಯಲ್ಲಿ ಜೋಳ–ಶೇಂಗಾಗಳ ಧಾರಣೆ ಏನಿದ್ದಿತು ಎಂಬ ಸಂಗತಿಗಳನ್ನು ಅರಿಯಬೇಕಾದರೆ, ಊರಿನ ಟ್ರೆಡಲ್ ಯಂತ್ರದ ಮೇಲೆ ಅಚ್ಚಾಗಿ, ನಾಲ್ಕು ಪುಟಗಳಲ್ಲಿ ವಾರಕ್ಕೊಮ್ಮೆ ಹೊರಡುತ್ತಿದ್ದ ಸ್ಥಳೀಯ ಪತ್ರಿಕೆಗಿಂತ ಸಮೀಪದ ಸಾಕ್ಷಿ ಇನ್ನೊಂದಿಲ್ಲ.

ಇಂತಹ ಪತ್ರಿಕೆಗಳನ್ನು ನಡೆಯಿಸಿದವರು ಬಹುಮಟ್ಟಿಗೆ ವಕೀಲರು, ಶಿಕ್ಷಕರು, ಸಣ್ಣ ಮುದ್ರಣಾಲಯಗಳ ಒಡೆಯರು. ಅವರ ಕಾಲಾನಂತರ ಪತ್ರಿಕೆಯ ಕಟ್ಟುಗಳು ಪಡಸಾಲೆಯಿಂದ ಅಟ್ಟಕ್ಕೂ ಅಟ್ಟದಿಂದ ದನದ ಕೊಟ್ಟಿಗೆಗೂ ಸರಿದಿವೆ. ವಿಚಾರಿಸಲು ಹೋದವನಿಗೆ ‘ಹ್ವಾದ ವರ್ಸ ಸುಣ್ಣಾ ಬಳಿಯೂ ಮುಂದ ಎಲ್ಲಾ ರದ್ದಿಗಿ ಹಾಕಿದಿವ್ರಿ’ ಎಂಬ ಉತ್ತರ ದೊರೆಯುವುದುಂಟು. ಈ ಉತ್ತರದಲ್ಲಿ ಅನಾದರವಿಲ್ಲ. ಆ ಕಾಗದಕ್ಕೆ ಬೆಲೆಯುಂಟೆಂದು ಆ ಮನೆಯವರಿಗೆ ಯಾರೂ ಬಂದು ಹೇಳಿರಲಿಲ್ಲ, ಅಷ್ಟೇ. ಹಾಗೆ ಹೇಳಬಲ್ಲವರು ಪ್ರತಿ ತಾಲೂಕಿನಲ್ಲಿಯೂ ನಾಲ್ಕಾರು ಮಂದಿ ಸಿದ್ಧರಾಗಬೇಕೆಂಬುದೂ, ಅವರು ಕಾರ್ಯವನ್ನು ಎಲ್ಲಿಂದ ಆರಂಭಿಸಿ ಹೇಗೆ ನಿರ್ವಹಿಸಬೇಕೆಂಬುದನ್ನು ತಿಳಿಸಬೇಕೆಂಬುದೂ ಈ ಲೇಖನದ ಉದ್ದೇಶ.

ಕ್ಯಾಮೆರಾ ಇಂದು ಎಲ್ಲರ ಜೇಬಿನಲ್ಲಿಯೂ ಇರುವುದರಿಂದ, ಹಳೆಯ ಪುಟಗಳ ಚಿತ್ರ ತೆಗೆದುಬಿಟ್ಟರೆ ಅವು ಉಳಿದಂತೆಯೇ ಎಂಬ ಭಾವನೆ ಬಲವಾಗಿ ಬೇರೂರಿದೆ. ನಾನು ಇದನ್ನು ಒಪ್ಪಲಾರೆ. ದಿನಾಂಕವಿಲ್ಲದ, ಯಾವ ಪತ್ರಿಕೆಯ ಯಾವ ಸಂಚಿಕೆಯ ಎಷ್ಟನೆಯ ಪುಟವೆಂದು ಗೊತ್ತಾಗದ, ಯಾರ ಮನೆಯಿಂದ ಬಂದಿತೆಂಬ ಉಲ್ಲೇಖವಿಲ್ಲದ ಸಾವಿರ ಚಿತ್ರಗಳಿಗಿಂತ, ಚಿತ್ರವೊಂದನ್ನೂ ತೆಗೆಯದೆ ಸಿದ್ಧಪಡಿಸಿದ ಒಂದು ಪ್ರಾಮಾಣಿಕವಾದ ಪಟ್ಟಿ ಇತಿಹಾಸಕ್ಕೆ ಹೆಚ್ಚು ಉಪಕಾರಿ. ಪಟ್ಟಿ ಮೊದಲು, ಯಂತ್ರ ಅನಂತರ: ಈ ಕ್ರಮವೊಂದನ್ನು ಬಿಡದೆ ಪಾಲಿಸಿದರೆ ಉಳಿದ ನ್ಯೂನತೆಗಳನ್ನೆಲ್ಲ ಮುಂದೆ ಸರಿಪಡಿಸಿಕೊಳ್ಳಬಹುದು.

ಪಟ್ಟಿಯ ರಚನೆ

ಒಂದು ದಪ್ಪ ರಿಜಿಸ್ಟರಿನಲ್ಲಾಗಲಿ ಗಣಕಯಂತ್ರದ ಕೋಷ್ಟಕದಲ್ಲಾಗಲಿ ಪ್ರತಿ ಸಂಚಿಕೆಗೂ ಒಂದೊಂದು ಸಾಲು ಮೀಸಲಿಡಬೇಕು. ಪತ್ರಿಕೆಯ ಹೆಸರು, ಊರು, ಸಂಪುಟ, ಸಂಚಿಕೆ, ಮುದ್ರಿತವಾಗಿರುವಂತೆಯೇ ದಿನಾಂಕ, ಇಂಗ್ಲಿಷ್ ಪಂಚಾಂಗಕ್ಕೆ ತಂದುಕೊಂಡ ದಿನಾಂಕ, ಪುಟಗಳ ಸಂಖ್ಯೆ, ಹರಿದ ಅಥವಾ ಇಲ್ಲದ ಪುಟ, ಪ್ರತಿ ಯಾರಲ್ಲಿದೆ ಎಂಬುದು: ಇಷ್ಟು ಅಂಕಣಗಳು ಸಾಕು. ಸಂಪುಟ–ಸಂಚಿಕೆಗಳ ಸಂಖ್ಯೆ ಮುದ್ರಣದಲ್ಲಿಯೇ ತಪ್ಪಿರುವುದು ಸಣ್ಣ ಪತ್ರಿಕೆಗಳಲ್ಲಿ ಸಾಮಾನ್ಯ. ಆ ತಪ್ಪನ್ನು ತಿದ್ದದೆ ಇದ್ದಂತೆಯೇ ಬರೆದು, ಪಕ್ಕದಲ್ಲಿ ಸರಿಯಾದುದನ್ನು ಸೂಚಿಸತಕ್ಕದ್ದು. ಸಂಚಿಕೆ ದೊರೆಯದಿದ್ದಲ್ಲಿ ಆ ವಾರದ ಸಾಲನ್ನು ಖಾಲಿ ಬಿಟ್ಟು ‘ದೊರೆತಿಲ್ಲ’ ಎಂದು ಬರೆದಿಡಬೇಕು. ಮುಂದೊಮ್ಮೆ ಆಲಮೇಲದಲ್ಲಿಯೋ ತಾಳಿಕೋಟೆಯಲ್ಲಿಯೋ ಬಿಡಿ ಸಂಚಿಕೆಯೊಂದು ಕೈಗೆ ಸಿಕ್ಕಾಗ, ಅದು ಈ ಕೊರತೆಯನ್ನು ತುಂಬುವ ಸಂಚಿಕೆಯೇ ಎಂಬುದು ಆ ಸಾಲಿನಿಂದಲೇ ಒಂದು ಕ್ಷಣದಲ್ಲಿ ತಿಳಿಯುತ್ತದೆ.

ಕಾಲನಿರ್ಣಯದಲ್ಲಿ ಒಂದು ಎಚ್ಚರ ಅವಶ್ಯ. ಹಳೆಯ ಪತ್ರಿಕೆಗಳ ಶಿರೋಭಾಗದಲ್ಲಿ ಸಂವತ್ಸರದ ಹೆಸರನ್ನೂ ಶಕವರ್ಷವನ್ನೂ ಮುದ್ರಿಸುವ ವಾಡಿಕೆಯಿದ್ದಿತು. ಸಂವತ್ಸರವೊಂದನ್ನೇ ನಂಬುವಂತಿಲ್ಲ, ಏಕೆಂದರೆ ಅದೇ ಹೆಸರು 60 ವರ್ಷಗಳಿಗೊಮ್ಮೆ ಮರಳಿ ಬರುತ್ತದೆ; ಪ್ರಭವ ಸಂವತ್ಸರವೆಂದರೆ 1927–28 ಆಗಬಹುದು, 1987–88 ಆಗಬಹುದು. ಶಕವರ್ಷವಿದ್ದರೆ ಅದಕ್ಕೆ 78ನ್ನು ಕೂಡಿಸಿದಾಗ ಇಸವಿ ದೊರೆಯುತ್ತದೆ: ಶಕ 1849 ಎಂದರೆ 1927. ಆದರೆ ಈ ವರ್ಷ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಪುಷ್ಯ, ಮಾಘ, ಫಾಲ್ಗುಣ ಮಾಸಗಳ ಸಂಚಿಕೆಗಳು ಬಹುಮಟ್ಟಿಗೆ ಮುಂದಿನ ಇಸವಿಗೆ ಸೇರುತ್ತವೆಂಬುದನ್ನು ಮರೆಯಬಾರದು.

ಪತ್ರಿಕೆಯ ಒಡೆತನವನ್ನೂ ಇತಿಹಾಸವನ್ನೂ ತಿಳಿಯಲು ಕೊನೆಯ ಪುಟದ ಅಡಿಯಲ್ಲಿರುವ ಸಣ್ಣಕ್ಷರದ ಸಾಲನ್ನು ಓದಬೇಕು. ಮುದ್ರಕನ ಹೆಸರನ್ನೂ ಮುದ್ರಣಸ್ಥಳವನ್ನೂ ನಮೂದಿಸತಕ್ಕದ್ದೆಂದು 1867ರ ಪತ್ರಿಕಾ ಕಾಯಿದೆಯೇ ವಿಧಿಸಿದ್ದಿತು. ಇದಕ್ಕಿಂತಲೂ ಉಪಯುಕ್ತವಾದುದು 1956ರ ನಿಯಮಗಳ ಮೇರೆಗೆ ಫೆಬ್ರುವರಿಯ ಕೊನೆಯ ದಿನದ ತರುವಾಯ ಬರುವ ಮೊದಲ ಸಂಚಿಕೆಯಲ್ಲಿ ಪ್ರತಿವರ್ಷವೂ ಪ್ರಕಟವಾಗಬೇಕಾಗಿದ್ದ ನಾಲ್ಕನೆಯ ನಮೂನೆಯ ಹೇಳಿಕೆ. ಪ್ರಕಟಣೆಯ ಸ್ಥಳ, ಅವಧಿ, ಮುದ್ರಕ, ಪ್ರಕಾಶಕ, ಸಂಪಾದಕ, ಒಡೆಯ, ಅವರೆಲ್ಲರ ವಿಳಾಸ—ಎಲ್ಲವೂ ಆ ಚಿಕ್ಕ ಚೌಕದೊಳಗೆ ಸಿಗುತ್ತವೆ. ಮಾರ್ಚ್ ತಿಂಗಳ ಮೊದಲ ಸಂಚಿಕೆಗಳನ್ನು ಮಾತ್ರ ವರ್ಷಾನುಕ್ರಮವಾಗಿ ಜೋಡಿಸಿ ನೋಡಿದರೂ ಪತ್ರಿಕೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವಾಗ ಮುದ್ರಣಾಲಯ ಬದಲಾಯಿತು ಎಂಬ ಕಥೆ ತಾನೇ ತೆರೆದುಕೊಳ್ಳುತ್ತದೆ.

ಎಲ್ಲಿ ಹುಡುಕಬೇಕು?

ಈ ಪ್ರದೇಶದ ಪತ್ರಿಕೋದ್ಯಮದ ಚರಿತ್ರೆ ಸಾಮಾನ್ಯವಾದುದಲ್ಲ. ವಿಜಾಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ. ಗು. ಹಳಕಟ್ಟಿಯವರು ವಚನಗಳ ತಾಡವಾಲೆಗಳನ್ನು ಅರಸುತ್ತ ಹಳ್ಳಿಹಳ್ಳಿಗಳನ್ನು ತಿರುಗಿದುದನ್ನು ನಾಡೆಲ್ಲ ಬಲ್ಲದು. ಆದರೆ ಆ ವಚನಗಳನ್ನು ಜನರಿಗೆ ಮುಟ್ಟಿಸುವುದಕ್ಕೆಂದು ಅವರು ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದುದೂ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದುದೂ ಅಷ್ಟೇ ಮಹತ್ತ್ವದ ಸಂಗತಿಗಳು. ತಾಡವಾಲೆಯಿಂದ ಕಾಗದಕ್ಕೆ ಸಾಹಿತ್ಯವನ್ನು ದಾಟಿಸಿದ ಆ ಮಹನೀಯರ ಜಿಲ್ಲೆಯಲ್ಲಿ ಕಾಗದದಿಂದ ಡಿಜಿಟಲ್ ರೂಪಕ್ಕೆ ದಾಟಿಸುವ ಕೆಲಸ ಹಿಂದೆ ಬೀಳಬಾರದೆಂಬುದು ನನ್ನ ಅಂತರಂಗದ ಆಸೆ. ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯು ಅವರ ಹೆಸರಿನಲ್ಲಿ ನಡೆಯಿಸುತ್ತಿರುವ ಸಂಶೋಧನ ಕೇಂದ್ರವೇ ಇಂತಹ ವಿಚಾರಣೆಗೆ ಮೊದಲ ಮೆಟ್ಟಿಲು. ಸಿಂದಗಿ ತಾಲೂಕಿನಲ್ಲಿ ಜನಿಸಿದ ಎಂ. ಎಂ. ಕಲಬುರ್ಗಿಯವರ ಸಂಶೋಧನೆಯ ರೀತಿಯನ್ನು ಬಲ್ಲವರಿಗೆ, ಒಂದು ಶಾಸನದ ಸಾಲು ಅಥವಾ ಒಂದು ಕಡತದ ತುಣುಕು ಸ್ಥಳೀಯ ಚರಿತ್ರೆಯನ್ನು ಎಷ್ಟು ದೂರ ಬೆಳಗಬಲ್ಲುದೆಂಬುದನ್ನು ವಿವರಿಸಬೇಕಾಗಿಲ್ಲ.

ಸ್ವಾತಂತ್ರ್ಯಪೂರ್ವದ ಪತ್ರಿಕೆಗಳ ಮೂಲಪ್ರತಿಗಳು ಎಲ್ಲಿಯೂ ದೊರೆಯದೆ ಹೋದರೂ ನಿರಾಶರಾಗಬೇಕಾಗಿಲ್ಲ. ಈ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ದೇಶೀಯ ಭಾಷೆಗಳ ಪತ್ರಿಕೆಗಳಲ್ಲಿ ಏನು ಬರೆಯುತ್ತಿದ್ದಾರೆಂಬುದನ್ನು ಆಂಗ್ಲ ಸರಕಾರ ವಾರವಾರವೂ ಇಂಗ್ಲಿಷಿನಲ್ಲಿ ಸಂಗ್ರಹಿಸಿ ಗೋಪ್ಯ ವರದಿಗಳನ್ನಾಗಿ ಅಚ್ಚುಮಾಡಿಸುತ್ತಿದ್ದಿತು. ವಿಜಾಪುರದಿಂದ ಹೊರಡುತ್ತಿದ್ದ ‘ಕರ್ನಾಟಕ ವೈಭವ’ದಂತಹ ಪತ್ರಿಕೆಗಳ ಸಾರಾಂಶಗಳು ಆ ವರದಿಗಳಲ್ಲಿ ಉಳಿದುಬಂದಿವೆ. ಪರಕೀಯರ ಶಂಕೆಯ ಕಣ್ಣಿನಿಂದ ಮಾಡಿದ ಸಂಗ್ರಹವೆಂಬುದನ್ನು ಮನಸ್ಸಿನಲ್ಲಿಟ್ಟು ಓದಿದರೆ, ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದ ಆ ಸಂಪುಟಗಳು ನಮ್ಮ ನಷ್ಟವನ್ನು ಒಂದಿಷ್ಟು ತುಂಬಿಕೊಡುತ್ತವೆ. ಪುಸ್ತಕಗಳ ಪ್ರತಿಗಳನ್ನು ಗ್ರಂಥಾಲಯಗಳಿಗೆ ಸಲ್ಲಿಸಬೇಕೆಂಬ 1954ರ ಕಾಯಿದೆಗೆ 1956ರಲ್ಲಿ ತಿದ್ದುಪಡಿಯಾದ ಮೇಲೆ ಪ್ರಕಾಶಕರು ಪತ್ರಿಕೆಗಳ ಪ್ರತಿಗಳನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಗ್ರಂಥಾಲಯಗಳಿಗೆ ಕಳುಹಿಸಬೇಕಾಗಿದ್ದಿತು. ಎಲ್ಲರೂ ಕಳುಹಿಸಲಿಲ್ಲ, ಆದರೂ ವಿಚಾರಿಸಿ ನೋಡತಕ್ಕ ಸ್ಥಳಗಳು ಅವು.

ತಾಲೂಕಿನೊಳಗೆ ಹುಡುಕುವವರು ಗ್ರಂಥಾಲಯದಲ್ಲಿಯೇ ನಿಲ್ಲಬಾರದು. ವಕೀಲರ ಹಳೆಯ ಕಡತಗಳಲ್ಲಿ ನ್ಯಾಯಾಲಯದ ನೋಟೀಸು ಪ್ರಕಟವಾದ ಸಂಚಿಕೆ ಇಡಿಯಾಗಿ ಉಳಿದಿರುತ್ತದೆ. ಅಡತಿ ಅಂಗಡಿಗಳಲ್ಲಿ ಜಾಹೀರಾತು ಕೊಟ್ಟುದಕ್ಕೆ ಸಾಕ್ಷಿಯಾಗಿ ಕಳುಹಿಸಿದ ಪ್ರತಿಗಳು ಲೆಕ್ಕದ ಪುಸ್ತಕಗಳ ನಡುವೆ ಸಿಗಬಹುದು. ಮಠಗಳು, ಸಹಕಾರಿ ಸಂಘಗಳು, ಹಳೆಯ ಪ್ರೌಢಶಾಲೆಗಳು ವಿಶೇಷಾಂಕಗಳನ್ನು ಕಾಪಾಡಿರುತ್ತವೆ. ಇಂಡಿಯ ಭಾಗದವರು ಸೊಲ್ಲಾಪುರವನ್ನು ಮರೆಯಬಾರದು, ಏಕೆಂದರೆ ಅವರ ವ್ಯವಹಾರ ಬಹುಕಾಲದಿಂದ ಆ ಪೇಟೆಯೊಂದಿಗೆ ಬೆಸೆದುಕೊಂಡಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದ ಕಾಲದ ಆ ಸೀಮೆಯ ಸಾಹಿತ್ಯಕ ಚಟುವಟಿಕೆಗಳ ವಾರ್ತೆಗಳನ್ನು ಹುಡುಕುವವರೂ ಇದೇ ದಾರಿಯನ್ನು ಹಿಡಿಯಬೇಕಾಗುತ್ತದೆ.

ಬಸವನ ಬಾಗೇವಾಡಿ, ಮುದ್ದೇಬಿಹಾಳಗಳವರಿಗೆ ಇನ್ನೊಂದು ಸಂಪತ್ತುಂಟು. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಕೊಲ್ಹಾರವೂ ಕೃಷ್ಣಾತೀರದ ಅನೇಕ ಗ್ರಾಮಗಳೂ ನೆಲ ಬಿಟ್ಟುಕೊಟ್ಟವು. 1894ರ ಭೂಸ್ವಾಧೀನ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿಯ ಮೇರೆಗೆ, ಸ್ವಾಧೀನದ ಪ್ರಾಥಮಿಕ ಅಧಿಸೂಚನೆಯನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದಾದರೂ ಪ್ರಾದೇಶಿಕ ಭಾಷೆಯದಾಗಿರುವಂತೆ, ಪ್ರಕಟಿಸಬೇಕಾಯಿತು. ನೀರಿನಡಿಯಲ್ಲಿ ಮುಳುಗಿದ ಹೊಲಗಳ ಜಾಡು ಹಿಡಿಯುವವರಿಗೆ ಈ ಅಧಿಸೂಚನೆಗಳ ಪುಟಗಳು ಅಮೂಲ್ಯ. ಸುದ್ದಿಯನ್ನಷ್ಟೇ ಕತ್ತರಿಸಿಟ್ಟುಕೊಂಡು ‘ಬರಿಯ ಜಾಹೀರಾತು’ ಎಂದು ಉಳಿದ ಪುಟವನ್ನು ಎಸೆದವರು ಇಂತಹ ದಾಖಲೆಯನ್ನೇ ಎಸೆದಿದ್ದಾರೆ. ಆದುದರಿಂದ ಸಂಚಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಮದುವೆಯ ಅಭಿನಂದನೆ, ಔಷಧದ ಜಾಹೀರಾತು, ಲಿಲಾವಿನ ಪ್ರಕಟಣೆ ಯಾವುದನ್ನೂ ಬಿಡದೆ, ಇಡಿಯಾಗಿ ಉಳಿಸತಕ್ಕದ್ದೆಂಬ ನಿಯಮಕ್ಕೆ ನಾನು ಯಾವ ವಿನಾಯಿತಿಯನ್ನೂ ಕೊಡಲಾರೆ.

ಮನೆಗಳಿಗೆ ಹೋದಾಗ ‘ಕಾಕಾರ, ನಾವು ಒಯ್ಯೂದಿಲ್ರಿ, ಇಲ್ಲೇ ಪಡಸಾಲ್ಯಾಗ ಕುಂತು ಫೋಟೋ ತಗೊಂಡು ಕೊಟ್ಟು ಹೋಗ್ತೀವ್ರಿ’ ಎಂದು ಮೊದಲಿಗೇ ಹೇಳುವುದು ಒಳ್ಳೆಯದು. ಅಟ್ಟದ ಬಾಗಿಲು ತೆರೆಯುವುದು ಈ ಮಾತಿನಿಂದಲೇ. ಒಯ್ಯಲೇಬೇಕಾದಾಗ ಸಂಚಿಕೆಗಳನ್ನು ಮನೆಯವರ ಎದುರಿನಲ್ಲಿಯೇ ಎಣಿಸಿ, ಸಹಿಮಾಡಿದ ಪಾವತಿ ಕೊಟ್ಟು, ಹಿಂದಿರುಗಿಸುವ ದಿನವನ್ನು ಬರೆದುಕೊಡಬೇಕು. ಚಿತ್ರಗಳ ಒಂದು ಪೂರ್ಣ ಪ್ರತಿ ಆ ಮನೆತನಕ್ಕೆ ಸಲ್ಲಲೇಬೇಕು.

ಕಾಗದ, ಬೆಳಕು, ಬಿಂಬ

ಸುದ್ದಿಕಾಗದ ಅಲ್ಪಾಯುಷಿ. ಕಟ್ಟಿಗೆಯನ್ನು ಅರೆದು ಮಾಡಿದ ತಿರುಳಿನಲ್ಲಿ ಉಳಿಯುವ ಲಿಗ್ನಿನ್ ಎಂಬ ದ್ರವ್ಯ ಬೆಳಕು–ಗಾಳಿಗಳ ಸಂಪರ್ಕದಿಂದ ಹಳದಿಯಾಗುತ್ತದೆ, ಕಾಗದದೊಳಗಿನ ಆಮ್ಲ ಅದರ ಎಳೆಗಳನ್ನು ತುಂಡರಿಸುತ್ತದೆ. ಹೀಗಾಗಿ ಮಡಿಕೆಯ ಗೆರೆಯಲ್ಲಿ ಪುಟ ಮೊದಲು ಮುರಿಯುತ್ತದೆ. ನಮ್ಮ ಭಾಗದ ಚೈತ್ರ–ವೈಶಾಖಗಳ ಒಣ ಬಿಸಿಲಿನಲ್ಲಿ ಅಂಚುಗಳು ಹಪ್ಪಳದಂತೆ ಪುಡಿಯಾಗುವುದರಿಂದಲೂ, ಮಳೆಗಾಲದ ತೇವದಲ್ಲಿ ಬೂಜು ಹಿಡಿಯುವುದರಿಂದಲೂ, ಈ ಕಾರ್ಯಕ್ಕೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಅವಧಿ ಪ್ರಶಸ್ತ. ಮೂಗುಬಾಯಿಗಳಿಗೆ ವಸ್ತ್ರ ಕಟ್ಟಿಕೊಂಡು, ಒಣಗಿದ ಮೃದುವಾದ ಕುಂಚದಿಂದ ಮಧ್ಯದಿಂದ ಅಂಚಿನ ಕಡೆಗೆ ಧೂಳು ತೆಗೆಯಬೇಕು, ಒದ್ದೆಬಟ್ಟೆಯನ್ನು ಮುಟ್ಟಿಸಲೇಬಾರದು. ತುಕ್ಕು ಹಿಡಿದ ಪಿನ್ನುಗಳನ್ನು ನಿಧಾನವಾಗಿ ಬಿಡಿಸಿ ತೆಗೆಯಬೇಕು. ಹರಿದ ಪುಟಕ್ಕೆ ಸೆಲೋಟೇಪು ಅಂಟಿಸುವುದೂ, ರಕ್ಷಣೆಯ ಹೆಸರಿನಲ್ಲಿ ಲ್ಯಾಮಿನೇಷನ್ ಮಾಡಿಸುವುದೂ ಕಾಗದಕ್ಕೆ ಮಾಡುವ ದೊಡ್ಡ ಅಪಕಾರಗಳು. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಂದುಬಣ್ಣದ ಕಲೆಯಾಗಿ ಅಕ್ಷರಗಳನ್ನೇ ನುಂಗುತ್ತದೆ, ಲ್ಯಾಮಿನೇಷನ್ನಿನ ಶಾಖದಿಂದಾದ ಹಾನಿಯನ್ನು ಹಿಂತೆಗೆಯಲು ಸಾಧ್ಯವೇ ಇಲ್ಲ.

ಚಿತ್ರ ತೆಗೆಯಲು ಬೆಲೆಬಾಳುವ ಯಂತ್ರವೇ ಬೇಕೆಂದಿಲ್ಲ, ಆದರೆ ಲೆಕ್ಕ ಗೊತ್ತಿರಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಹಳೆಯ ಪತ್ರಿಕೆಗಳ ಯೋಜನೆಯಲ್ಲಿ ಅಂಗುಲಕ್ಕೆ 400 ಬಿಂದುಗಳನ್ನು ಆದರ್ಶವಾಗಿಟ್ಟುಕೊಂಡಿದೆ. ಸವೆದ ಅಚ್ಚುಮೊಳೆಗಳ ಕನ್ನಡ ಮುದ್ರಣಕ್ಕೆ 300ಕ್ಕಿಂತ ಕಡಿಮೆಯಾದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. 11 ಅಂಗುಲ ಅಗಲ, 17 ಅಂಗುಲ ಉದ್ದದ ಪುಟವನ್ನು 12 ಮೆಗಾಪಿಕ್ಸೆಲ್‌ಗಳ, ಎಂದರೆ 4000ಕ್ಕೆ 3000 ಬಿಂದುಗಳ, ಮೊಬೈಲ್ ಕ್ಯಾಮೆರಾದಿಂದ ಒಂದೇ ಚಿತ್ರದಲ್ಲಿ ಹಿಡಿದರೆ ಅಂಗುಲಕ್ಕೆ ಸುಮಾರು 235 ಬಿಂದುಗಳಷ್ಟೇ ದೊರೆಯುತ್ತವೆ. ಅದೇ ಪುಟವನ್ನು ಮೇಲರ್ಧ, ಕೆಳಗರ್ಧವೆಂದು ನಡುವೆ ಒಂದಂಗುಲ ಒಂದರ ಮೇಲೊಂದು ಬರುವಂತೆ ಎರಡು ಸಲ ಹಿಡಿದರೆ 300ನ್ನು ದಾಟುತ್ತೇವೆ. 24 ಮೆಗಾಪಿಕ್ಸೆಲ್‌ಗಳ ಕ್ಯಾಮೆರಾ ಎರವಲಾಗಿ ಸಿಕ್ಕರೆ ಒಂದೇ ಚಿತ್ರದಲ್ಲಿ ಸುಮಾರು 350 ದೊರೆಯುತ್ತದೆ. ಊರಿನ ಮದುವೆಗಳ ಛಾಯಾಗ್ರಾಹಕರಲ್ಲಿ ಇಂತಹ ಕ್ಯಾಮೆರಾ ಇದ್ದೇ ಇರುತ್ತದೆ. ಲಗ್ನಗಳಿಲ್ಲದ ದಿನಗಳಲ್ಲಿ ಅವರ ನೆರವನ್ನು ಕೋರುವುದು ಉಚಿತ.

ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಬಿಗಿದು, ಪುಟಕ್ಕೆ ಸಮಾನಾಂತರವಾಗಿ ನೇರ ಕೆಳಮುಖವಾಗಿ ನಿಲ್ಲಿಸಬೇಕು. ಎರಡೂ ಪಕ್ಕಗಳಿಂದ 45 ಡಿಗ್ರಿಯಷ್ಟು ಓರೆಯಾಗಿ ಒಂದೇ ಬಗೆಯ ಎರಡು ದೀಪಗಳಿರಲಿ, ಫ್ಲ್ಯಾಷ್ ಬೇಡ. ಸುದ್ದಿಕಾಗದ ತೆಳುವಾದುದರಿಂದ ಹಿಂಬದಿಯ ಅಕ್ಷರಗಳು ಮೂಡಿ ಕಾಣುತ್ತವೆ; ಪುಟದ ಅಡಿಯಲ್ಲಿ ಒಂದು ಕಪ್ಪು ಹಾಳೆಯನ್ನಿಟ್ಟರೆ ಈ ದೋಷ ಬಹುಮಟ್ಟಿಗೆ ಅಡಗುತ್ತದೆ. ಮೊದಲ ಚಿತ್ರದಲ್ಲಿ ಒಂದು ಅಳತೆಪಟ್ಟಿಯೂ ಪತ್ರಿಕೆಯ ಹೆಸರು–ದಿನಾಂಕ ಬರೆದ ಚೀಟಿಯೂ ಕಾಣಿಸಲಿ. ಚಿತ್ರಗಳು ಬಣ್ಣದಲ್ಲಿಯೇ ಇರಬೇಕೆಂದು ನನ್ನ ಸಲಹೆ: ಹಳದಿಯಾದ ಕಾಗದದ ಮೇಲಿನ ಪೆನ್ಸಿಲ್ ಗುರುತು, ಅಂಚೆಯ ಮುದ್ರೆ, ಓದುಗನ ಟಿಪ್ಪಣಿ ಇವೆಲ್ಲ ಕಪ್ಪುಬಿಳುಪಿನಲ್ಲಿ ಮಾಯವಾಗುತ್ತವೆ. ಮೇಲೆ ಹೇಳಿದ ಅಳತೆಯ ಪುಟ 400 ಬಿಂದುಗಳ ದರದಲ್ಲಿ ಬಣ್ಣದ ಟಿಫ್ ಕಡತವಾಗಿ ಸುಮಾರು 90 ಮೆಗಾಬೈಟ್ ಆಗುತ್ತದೆ. ವಾರಕ್ಕೆ ನಾಲ್ಕು ಪುಟಗಳಂತೆ ವರ್ಷಕ್ಕೆ 208 ಪುಟಗಳು, ಎಂದರೆ ಹೆಚ್ಚುಕಡಿಮೆ 19 ಗಿಗಾಬೈಟ್. ಇಪ್ಪತ್ತು ವರ್ಷಗಳ ಸಂಪೂರ್ಣ ಸಂಗ್ರಹವೂ ಒಂದು ಟೆರಾಬೈಟ್ ಹಾರ್ಡ್ ಡಿಸ್ಕಿನ ಅರ್ಧದೊಳಗೆ ಹಿಡಿಯುತ್ತದೆ. ಈ ಮೂಲಕಡತಗಳನ್ನು ತಿದ್ದದೆ, ನೆರಳು ತೆಗೆಯದೆ, ಹಾಗೆಯೇ ಇಡಬೇಕು. ಓದುಗರಿಗೆ ಕೊಡುವ ಪಿಡಿಎಫ್ ಬೇರೆಯಾಗಿಯೇ ಸಿದ್ಧವಾಗಲಿ.

ಕಡತಗಳ ಹೆಸರನ್ನು ಪತ್ರಿಕೆ, ವರ್ಷ, ತಿಂಗಳು, ದಿನ, ಪುಟ ಎಂಬ ಅನುಕ್ರಮದಲ್ಲಿಯೇ ಇಟ್ಟರೆ ಗಣಕಯಂತ್ರ ಅವುಗಳನ್ನು ತಾನಾಗಿ ಕಾಲಕ್ರಮದಲ್ಲಿ ಜೋಡಿಸುತ್ತದೆ. ದಿನವನ್ನು ಮೊದಲು, ವರ್ಷವನ್ನು ಕೊನೆಗೆ ಬರೆಯುವ ನಮ್ಮ ಅಭ್ಯಾಸ ಇಲ್ಲಿ ಗೊಂದಲವನ್ನೇ ತರುತ್ತದೆ.

ಓದುವ ಯಂತ್ರ ಮತ್ತು ಸೂಚಿ

ಚಿತ್ರದಿಂದ ಅಕ್ಷರಗಳನ್ನು ಓದಿಸುವ ಓಸಿಆರ್ ತಂತ್ರಾಂಶಗಳು ಕನ್ನಡಕ್ಕೂ ಬಂದಿವೆ. ಮುಕ್ತವಾಗಿ ದೊರೆಯುವ ಟೆಸರಾಕ್ಟ್ ಕನ್ನಡವನ್ನು ಓದುತ್ತದೆ, ಗೂಗಲ್ ಡ್ರೈವ್ ಮೂಲಕವೂ ಓದಿಸಬಹುದು. ಹೊಸ ಮುದ್ರಣದಲ್ಲಿ ಇವುಗಳ ಫಲಿತಾಂಶ ತೃಪ್ತಿಕರವೇ. ಆದರೆ ಟ್ರೆಡಲ್ ಯಂತ್ರದ ಪತ್ರಿಕೆಯಲ್ಲಿ ದಕಾರ–ಧಕಾರಗಳನ್ನೂ ಬಕಾರ–ಭಕಾರಗಳನ್ನೂ ಬೇರ್ಪಡಿಸುವ ಕೆಳಗಿನ ಸಣ್ಣ ಸೀಳಿನಲ್ಲಿ ಮಸಿ ತುಂಬಿರುತ್ತದೆ, ಒತ್ತಕ್ಷರಗಳು ಮುರಿದಿರುತ್ತವೆ, ಒಂದು ಅಂಕಣದ ಸಾಲು ಪಕ್ಕದ ಅಂಕಣಕ್ಕೆ ಜಾರುತ್ತದೆ. ಪುಟವನ್ನು ಮೊದಲೇ ಅಂಕಣಗಳಾಗಿ ಕತ್ತರಿಸಿಕೊಂಡು ಓದಿಸಿದರೆ ಅರ್ಧದಷ್ಟು ತೊಂದರೆ ತಪ್ಪುತ್ತದೆ. ಉಳಿದುದನ್ನು ಮನುಷ್ಯರೇ ತಿದ್ದಬೇಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ತನ್ನ ಟ್ರೋವ್ ಸಂಗ್ರಹದಲ್ಲಿ ಹಳೆಯ ಪತ್ರಿಕೆಗಳ ತಪ್ಪುಗಳನ್ನು ಓದುಗರೇ ಸಾಲುಸಾಲಾಗಿ ತಿದ್ದುವ ಅವಕಾಶ ಕಲ್ಪಿಸಿ ಮಹತ್ತಾದ ಫಲ ಪಡೆದಿದೆ. ನಮ್ಮ ಪದವಿ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸಪಾಠವನ್ನು ನಾನು ಕಲ್ಪಿಸಿಕೊಳ್ಳಲಾರೆ.

ಪೂರ್ಣ ತಿದ್ದುಪಡಿ ಕೈಲಾಗದಿದ್ದಲ್ಲಿ ಕೈಬರಹದ ಸೂಚಿಯೇ ಸಾಕು: ಊರು, ವ್ಯಕ್ತಿ, ವಿಷಯ, ದಿನಾಂಕ, ಪುಟ. ಸ್ಥಳನಾಮಗಳಲ್ಲಿ ಹಳೆಯದು–ಹೊಸದು ಎರಡನ್ನೂ ಕೊಡಬೇಕು. ವಿಜಾಪುರ, ಬಿಜಾಪುರ, 2014ರ ನವೆಂಬರ್ 1ರಿಂದ ವಿಜಯಪುರ, ಮೂರೂ ಒಂದೇ ಊರೆಂಬುದು ಯಂತ್ರಕ್ಕೆ ತಿಳಿಯದು. ತಾಲೂಕುಗಳ ಗಡಿಯೂ ಬದಲಾಗಿದೆ: ಚಡಚಣ ಹಿಂದೆ ಇಂಡಿಗೆ, ಆಲಮೇಲ ಮತ್ತು ದೇವರ ಹಿಪ್ಪರಗಿ ಸಿಂದಗಿಗೆ, ತಾಳಿಕೋಟೆ ಮುದ್ದೇಬಿಹಾಳಕ್ಕೆ, ನಿಡಗುಂದಿ ಮತ್ತು ಕೊಲ್ಹಾರ ಬಾಗೇವಾಡಿಗೆ ಸೇರಿದ್ದವು. ಗಣಕಯಂತ್ರದಲ್ಲಿಯೇ ಅಕ್ಷರ ಜೋಡಿಸಿದ ಪತ್ರಿಕೆಗಳ ಸಮಸ್ಯೆ ಬೇರೆ. ಡಿಟಿಪಿ ಕೇಂದ್ರಗಳ ಹಳೆಯ ಸಿ.ಡಿ.ಗಳಲ್ಲಿ ಪೇಜ್‌ಮೇಕರ್ ಕಡತಗಳಿರಬಹುದು; ಅವು ಯೂನಿಕೋಡ್‌ಪೂರ್ವದ ನುಡಿ, ಶ್ರೀಲಿಪಿಗಳಲ್ಲಿರುವುದರಿಂದ ಇಂದಿನ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಪರಿವರ್ತಕ ತಂತ್ರಾಂಶಗಳಿಂದ ಅವನ್ನು ಯೂನಿಕೋಡಿಗೆ ತರಬಹುದು, ಆದರೆ ಸಿ.ಡಿ.ಗಳು ಕಾಗದಕ್ಕಿಂತಲೂ ಬೇಗ ಹಾಳಾಗುವುದರಿಂದ ಈ ಕೆಲಸಕ್ಕೇ ಮೊದಲ ಆದ್ಯತೆ ಸಲ್ಲಬೇಕು.

ಹಕ್ಕು, ಹೊಣೆ, ಉಳಿವು

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಹೆಸರಿಲ್ಲದ ಬರಹದ ಹಕ್ಕು, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. 1960ರ ಅನಾಮಧೇಯ ಸುದ್ದಿ 2021ರ ಜನವರಿಯಿಂದ ಎಲ್ಲರದು. ಹೆಸರುಳ್ಳ ಬರಹಕ್ಕೆ ಲೇಖಕನ ಮರಣಾನಂತರ ಅಷ್ಟೇ ಅವಧಿ: 1964ರಲ್ಲಿ ದಿವಂಗತರಾದ ಹಳಕಟ್ಟಿಯವರ ಬರಹ 2025ರಿಂದ ಮುಕ್ತವಾಗಿದೆ, 1993ರಲ್ಲಿ ತೀರಿಕೊಂಡ, ಹಲಸಂಗಿಯ ಗೆಳೆಯರಲ್ಲೊಬ್ಬರಾದ ಸಿಂಪಿ ಲಿಂಗಣ್ಣನವರದು 2053ರ ಕೊನೆಯವರೆಗೆ ಮುಕ್ತವಲ್ಲ. ತನ್ನಲ್ಲಿ ಕಾಗದದ ಪ್ರತಿಯನ್ನು ಹೊಂದಿರುವ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದುದರಿಂದ ಚಿತ್ರ ತೆಗೆದಿಡುವ ಕೆಲಸವನ್ನು ಗ್ರಂಥಾಲಯದ ಆಶ್ರಯದಲ್ಲಿ ನಡೆಯಿಸುವುದೂ, ಇತ್ತೀಚಿನ ಸಂಚಿಕೆಗಳನ್ನು ಎಲ್ಲರಿಗೂ ತೆರೆಯುವ ಮೊದಲು ಪತ್ರಿಕೆಯ ಒಡೆಯರಿಂದ ಲಿಖಿತ ಅನುಮತಿ ಪಡೆಯುವುದೂ ಕ್ಷೇಮಕರ.

ಕಾಯಿದೆಗಿಂತ ಸೂಕ್ಷ್ಮವಾದುದು ಮಾನವೀಯ ಹೊಣೆ. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳ ಹೆಸರು, ಆರೋಪಿಯಾಗಿ ಬಂಧಿತನಾಗಿ ಅನಂತರ ನಿರ್ದೋಷಿಯೆಂದು ಬಿಡುಗಡೆಯಾದವನ ಹೆಸರು, ಜಾತಿಯನ್ನೆತ್ತಿ ಬರೆದ ನಿಂದೆ ಇವೆಲ್ಲ ಹಳೆಯ ಪುಟಗಳಲ್ಲಿ ಸಂಕೋಚವಿಲ್ಲದೆ ಅಚ್ಚಾಗಿವೆ. ಮೂಲಕಡತದಲ್ಲಿ ಒಂದಕ್ಷರವನ್ನೂ ಅಳಿಸಕೂಡದು. ಆದರೆ ಬದುಕಿರುವವರಿಗೆ ನೋವಾಗುವ ಪುಟಗಳನ್ನು ಸಾರ್ವಜನಿಕ ಪ್ರತಿಯಿಂದ ಸದ್ಯಕ್ಕೆ ತಡೆಹಿಡಿದು, ‘ಈ ಪುಟವನ್ನು ತಡೆಹಿಡಿಯಲಾಗಿದೆ’ ಎಂದು ಪಟ್ಟಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

ಮುಕ್ತವಾದ ಸಂಚಿಕೆಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ವೆಚ್ಚವಿಲ್ಲದೆ ಇರಿಸಬಹುದು; ಅಲ್ಲಿನ ಸರ್ವೆಂಟ್ಸ್ ಆಫ್ ನಾಲೆಡ್ಜ್ ಎಂಬ ಸಂಗ್ರಹದಲ್ಲಿ ಕನ್ನಡದ ಪುಸ್ತಕಗಳೂ ನಿಯತಕಾಲಿಕೆಗಳೂ ಈಗಾಗಲೇ ದೊಡ್ಡ ಪ್ರಮಾಣದಲ್ಲಿ ಸೇರಿವೆ. ಮೂಲಕಡತಗಳ ಪ್ರತಿಗಳು ಕನಿಷ್ಠ ಮೂರು ಇರಲಿ: ಒಂದು ತಾಲೂಕಿನ ಕಾಲೇಜಿನಲ್ಲಿ, ಒಂದು ವಿಜಾಪುರದಲ್ಲಿ, ಒಂದು ಜಿಲ್ಲೆಯ ಹೊರಗೆ. ಪ್ರತಿ ಕಡತಕ್ಕೂ ಚೆಕ್‌ಸಮ್ ಎಂಬ ಗುರುತುಸಂಖ್ಯೆಯನ್ನು ತಂತ್ರಾಂಶದಿಂದ ಪಡೆದು ಪಟ್ಟಿಯಲ್ಲಿ ಬರೆದಿಟ್ಟರೆ, ಕಡತದ ಒಂದು ಕಣ ಕೆಟ್ಟರೂ ಆ ಸಂಖ್ಯೆ ಬದಲಾಗಿ ಕೇಡು ಗೊತ್ತಾಗುತ್ತದೆ. ಈ ತಪಾಸಣೆಗೆ ರಾಜ್ಯೋತ್ಸವದ ವಾರವನ್ನೇ ಗೊತ್ತುಮಾಡಿಕೊಂಡರೆ ಮರೆವಿಗೆ ಎಡೆಯಿರದು. ಡಿಸ್ಕು ಐದಾರು ವರ್ಷ ಹಳೆಯದಾದಾಗ ಹೊಸದಕ್ಕೆ ಎಲ್ಲವನ್ನೂ ನಕಲುಮಾಡಬೇಕು. ಚಿತ್ರವಾಯಿತೆಂದು ಕಾಗದವನ್ನು ರದ್ದಿಗೆ ಹಾಕಲು ಯಾರೂ ಒಪ್ಪಬಾರದು. ಮನೆಯವರು ಇಟ್ಟುಕೊಳ್ಳಲಾರೆವೆಂದರೆ ಸಂಚಿಕೆಗಳನ್ನು ಮಡಿಸದೆ ಹರವಿ, ಆಮ್ಲರಹಿತ ಹಾಳೆಯಲ್ಲಿ ಸುತ್ತಿ, ಹತ್ತಿಯ ನಾಡೆಯಿಂದ ಸಡಿಲವಾಗಿ ಕಟ್ಟಿ, ಬೇವಿನ ಎಲೆಯನ್ನು ಕಾಗದಕ್ಕೆ ತಾಗದಂತೆ ಬಟ್ಟೆಯ ಚೀಲದಲ್ಲಿಟ್ಟು, ನೆಲದಿಂದಲೂ ಗೋಡೆಯಿಂದಲೂ ದೂರವಾದ ಕಬ್ಬಿಣದ ಕಪಾಟಿನಲ್ಲಿ ಇರಿಸಿ, ಆ ಕಪಾಟಿನ ಬೀಗದ ಕೈ ಯಾರಲ್ಲಿದೆಯೆಂಬುದನ್ನು ಪಟ್ಟಿಯ ಮೊದಲ ಪುಟದಲ್ಲಿಯೇ ಬರೆಯತಕ್ಕದ್ದು.